ಗುಮಾಸ್ತನ ಪುಟಗಳು

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎಂದು ನಮ್ಮ ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿ ನಾಗರಾಜ್ ಫೋನಿನಲ್ಲಿ ಎರಡು ಸಲ ಹೇಳಿದರು. ಒಂದು ಸಲ ಹೇಳಿದ್ದರೆ ಬಾಯಿಮಾತು ಎಂದುಕೊಳ್ಳುತ್ತಿದ್ದೆ. ಎರಡನೆಯ ಸಲ ಹೇಳಿದಾಗ ಇವರಿಗೂ ಏನೋ ಗೊತ್ತಿದೆ ಅನ್ನಿಸಿತು. "ನೀವು ಮೇಷ್ಟ್ರ ಖಾಸಾ ಶಿಷ್ಯೆ ಮೇಡಂ. ನವೆಂಬರ್ ಸಂಚಿಕೆಗೆ ನಿಮ್ಮಿಂದ ಬರದೇ ಇದ್ರೆ ಹೇಗೆ? ಫೋಟೋ ನಾವು ಹಾಕ್ಕೋತೀವಿ" ಎಂದರು. ಫೋಟೋ ಬೇಡ, ಹೆಸರೂ ಬೇಡ ಎಂದೆ. ಪೀಣ್ಯದ ನಮ್ಮ ಶೆಡ್ಡಿನಲ್ಲಿ ಮೇಷ್ಟ್ರನ್ನು ಕಂಡವರಿಗೆ ಹೆಸರು ಬೇಕಾಗಿಲ್ಲ. ಕಾಣದವರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಸಿಟ್ಟಿಲ್ಲದೆ ಬರೆಯುತ್ತೇನೆ ಎಂದು ಮಾತ್ರ ಮಾತು ಕೊಟ್ಟಿಲ್ಲ.

ಮೊದಲಿಗೇ ಹೇಳಿಬಿಡುತ್ತೇನೆ, ಅವರು ಮೇಷ್ಟ್ರೇ ಅಲ್ಲ. ಕ್ವಾಲಿಟಿ ವಿಭಾಗದ ಹಿರಿಯ ಇನ್‌ಸ್ಪೆಕ್ಟರ್. ಕೆಟ್ಟ ಪೀಸಿನ ಮೇಲೆ ಗುರುತು ಹಾಕುವುದಕ್ಕೆಂದು ಜೇಬಿನಲ್ಲಿ ಯಾವಾಗಲೂ ಒಂದು ಸೀಮೆಸುಣ್ಣದ ತುಂಡು ಇಟ್ಟುಕೊಂಡಿರುತ್ತಿದ್ದರು. ಕ್ಯಾಂಟೀನಿನ ಬೋರ್ಡು, ಗೇಟಿನ ಸೂಚನೆ, ಬಸ್ಸಿನ ವೇಳಾಪಟ್ಟಿ, ಎಲ್ಲಿ ಕನ್ನಡ ತಪ್ಪಾಗಿದ್ದರೂ ನಿಂತು ಅದೇ ಸುಣ್ಣದಲ್ಲಿ ತಿದ್ದುತ್ತಿದ್ದರು. ಒಮ್ಮೆ ಜನರಲ್ ಮ್ಯಾನೇಜರ್ ಅಂಟಿಸಿದ್ದ ನೋಟಿಸನ್ನು ತಿದ್ದಿ, ಪೀಸು ಪಾಸು ಮಾಡಿದಾಗ ಹಾಕುವ ತಮ್ಮ ಪುಟ್ಟ ಸಹಿಯನ್ನೂ ಕೆಳಗೆ ಹಾಕಿ ಬಂದರು. ಅಂದಿನಿಂದ ಅವರಿಗೆ ಆ ಹೆಸರು ನಿಂತಿತು. ಪಕ್ಕದ ಕಾರ್ಖಾನೆಗಳವರೂ ಬಸ್ ಸ್ಟಾಪಿನಲ್ಲಿ "ನಮಸ್ಕಾರ ಮೇಷ್ಟ್ರೇ" ಎನ್ನುತ್ತಿದ್ದರು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ಯಾರೆಂದು ನೋಡಿದ ಮೇಲೇ ನಮಸ್ಕಾರ ಹೇಳುತ್ತಿದ್ದರು.

ನಾನು ಡಿಪ್ಲೊಮಾ ಮುಗಿಸಿ ಸೇರಿದಾಗ ಆ ವಿಭಾಗದಲ್ಲಿ ಹೆಂಗಸು ಅಂತ ಇದ್ದದ್ದು ನಾನೊಬ್ಬಳೇ. ಕೂರುವುದಕ್ಕೆ ಯಾರೂ ಸ್ಟೂಲು ಕೊಡಲಿಲ್ಲ. ಮೇಷ್ಟ್ರು ತಮ್ಮದನ್ನು ಕಾಲಿನಿಂದ ನನ್ನ ಕಡೆ ತಳ್ಳಿ, ತಾವು ನಿಂತೇ ಕೆಲಸ ಮುಂದುವರಿಸಿದರು. ಆಮೇಲೆ ಒಂದು ಉಕ್ಕಿನ ಶಾಫ್ಟನ್ನು ನನ್ನ ಕೈಗಿಟ್ಟು ಹೆಬ್ಬೆರಳಿನಿಂದ ಅದರ ಅಂಚನ್ನು ಸವರಿಸಿದರು.

"ಕಣ್ಣನ್ನ ನಂಬಬೇಡ ಕಣಮ್ಮಾ. ಕಣ್ಣು ಲಂಚ ತಗೊಳ್ಳುತ್ತೆ. ಬೆರಳು ತಗೊಳಲ್ಲ" ಎಂದರು.

ಇಂಥ ಮಾತುಗಳು ಅವರಲ್ಲಿ ಬೇಕಾದಷ್ಟು ಇದ್ದವು. ಮಾತಾಡುವಾಗಲೂ, ಬೇರೆಯವರ ಮಾತು ಕೇಳುವಾಗಲೂ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇರುತ್ತಿತ್ತು. ಎದುರಿನವರ ಮಾತಿನಲ್ಲಿ ಎಲ್ಲಾದರೂ ಒರಟು ಸಿಗುತ್ತದೆಯೋ ಎಂದು ಹುಡುಕುತ್ತಿದ್ದಾರೆ ಎಂದು ನಾವು ನಗುತ್ತಿದ್ದೆವು. ಕೆಲಸದಲ್ಲಿ ಅವರ ಮಾತಿಗೆ ಎರಡಿಲ್ಲ. ನಮ್ಮಲ್ಲಿ ಒಟ್ಟಿಗೆ ತಯಾರಾಗಿ ಬಂದ ಪೀಸುಗಳ ಗುಂಪಿಗೆ ಲಾಟು ಎನ್ನುತ್ತಾರೆ. ಪಾಸಾದ ಲಾಟಿಗೆ ಹಸಿರು ಚೀಟಿ, ಇನ್ನೊಮ್ಮೆ ಕೆಲಸ ಮಾಡಬೇಕಾದದ್ದಕ್ಕೆ ಹಳದಿ, ಬಿಸಾಡಬೇಕಾದದ್ದಕ್ಕೆ ಕೆಂಪು ಚೀಟಿ ಕಟ್ಟುತ್ತಾರೆ. ಮೇಷ್ಟ್ರು ಹಸಿರು ಕಟ್ಟಿದ ಲಾಟನ್ನು ಇನ್ನೊಬ್ಬರು ಮತ್ತೆ ಅಳೆಯುವ ಪದ್ಧತಿಯೇ ಇರಲಿಲ್ಲ. ನಿಯಮದ ಪ್ರಕಾರ ಅಳೆಯಬೇಕು. ಅಳೆದರೆ ಅವರಿಗೆ ಅವಮಾನ ಮಾಡಿದ ಹಾಗೆ ಎಂದು ಯಾರೂ ಅಳೆಯುತ್ತಿರಲಿಲ್ಲ. ನಾನೂ ಅಳೆಯಲಿಲ್ಲ. ನನ್ನ ಬದುಕಿನ ದೊಡ್ಡ ತಪ್ಪು ಅದೇ, ಮತ್ತು ಅದನ್ನು ಮಾಡಿದ್ದು ಶಾಫ್ಟಿನ ವಿಷಯದಲ್ಲಿ ಅಲ್ಲ.

ಊಟಕ್ಕೆ ಅರ್ಧ ಗಂಟೆ ಬಿಡುವು. ಹತ್ತು ನಿಮಿಷ ಅವರ ಡಬ್ಬಿಗೆ, ಇಪ್ಪತ್ತು ನಿಮಿಷ ಕಾದಂಬರಿಗೆ. ಡಬ್ಬಿಯಲ್ಲಿ ಚಿತ್ರಾನ್ನವಿದ್ದರೆ ಕಡಲೆಬೀಜಗಳನ್ನೆಲ್ಲ ಒಂದು ಮೂಲೆಗೆ ಸರಿಸಿಟ್ಟು ಕೊನೆಯಲ್ಲಿ ಒಂದೊಂದಾಗಿ ತಿನ್ನುತ್ತಿದ್ದರು. ಆಮೇಲೆ ಸೋಪು ಹಾಕಿ ಕೈ ತೊಳೆದು, ಒರೆಸಿ, ಮೂಸಿ ನೋಡಿ, ಎಣ್ಣೆಯ ವಾಸನೆ ಹೋಗಿದೆ ಎಂದು ಖಾತ್ರಿಯಾದ ಮೇಲೆ ಪುಸ್ತಕ ತೆಗೆಯುತ್ತಿದ್ದರು. ನಮ್ಮ ಭಾಷೆಯ ಹಳೆಯ, ದಪ್ಪ ಕಾದಂಬರಿ ಅದು. ಎಲ್ಲರೂ ಓದಿದ್ದೇವೆ ಎನ್ನುವ, ಓದಿದವರು ಮಾತ್ರ ಕೈಗೆ ಸಿಗದ ಜಾತಿಯದು. ಅದರ ಹೆಸರನ್ನೂ ಹೇಳುವುದಿಲ್ಲ. ಪಾಪ, ಪುಸ್ತಕದ ತಪ್ಪೇನಿದೆ.

ಕಥೆ ಇಷ್ಟು. ಒಂದು ಪೇಟೆಯಲ್ಲಿ ಒಬ್ಬ ಜವಳಿ ವ್ಯಾಪಾರಿ. ಅವನಿಗೆ ಬುದ್ಧಿವಂತೆಯಾದ ಹೆಂಡತಿ. ಹೊಳೆಯ ಆಚೆ ಅವನದೇ ಇನ್ನೊಂದು ಮನೆ, ಅಲ್ಲಿ ಇನ್ನೊಬ್ಬಳು. ಈ ಎರಡು ಮನೆಗಳ ನಡುವೆ ಓಡಾಡುವವನು ಅಂಗಡಿಯ ಗುಮಾಸ್ತ. ಧಣಿ ಹೊಳೆಯ ಆಚೆಗೆ ಹೋದ ಸಂಜೆ ಇವನು ಈಚೆಯ ಮನೆಗೆ ಬಂದು, ಅವರಿಗೆ ಅಂಗಡಿಯಲ್ಲಿ ಕೆಲಸವಿದೆ, ಬರುವುದು ತಡವಾಗುತ್ತದೆ ಎಂದು ಹೇಳಬೇಕು. ಹೇಳುತ್ತಾನೆ. ಆಕೆ ಅವನಿಗೆ ಬಡಿಸುತ್ತಾಳೆ. ಅವನು ಉಂಡು ಹೋಗುತ್ತಾನೆ.

ಈ ಕಥೆಯನ್ನು ಮೇಷ್ಟ್ರು ಲಾಟು ತಪಾಸಣೆ ಮಾಡಿದ ಹಾಗೆ ಓದಿದ್ದರು. ಹಳೆಯ ಚೀಟಿಗಳನ್ನು ಬೆರಳಗಲ ಕತ್ತರಿಸಿ ಪುಟಗಳಿಗೆ ಅಂಟಿಸಿದ್ದರು. ಸಣ್ಣ ಸುಳ್ಳಿಗೆ ಹಳದಿ, ದಾಂಪತ್ಯದ ಮೋಸಕ್ಕೆ ಕೆಂಪು. ಪ್ರತಿ ಕೆಂಪಿನ ಹಿಂದೆಯೂ ನಾಲ್ಕಾರು ಹಳದಿ ಇದ್ದೇ ಇರುತ್ತವೆ ಎನ್ನುವುದು ಅವರು ಕಂಡುಹಿಡಿದ ಸತ್ಯ. ಅದನ್ನು ತೋರಿಸುವಾಗ ಅವರ ದನಿ ಮೆತ್ತಗಾಗುತ್ತಿತ್ತು.

"ವ್ಯಾಪಾರಿ ಮೊದಲು ಸುಳ್ಳು ಹೇಳೋದು ಹೆಂಡ್ತಿಗಲ್ಲ, ಅಮ್ಮನಿಗೆ. ದೇವಸ್ಥಾನಕ್ಕೆ ಹೋಗಿ ಬಂದೆ ಅಂತಾನೆ, ಹೋಗಿರಲ್ಲ. ಯಾರಿಗೂ ಏನೂ ನಷ್ಟ ಆಗ್ಲಿಲ್ಲ. ಆದ್ರೆ ನಾಲಿಗೆ ಪಳಗಿತು ನೋಡು. ಹೆಂಡ್ತಿಗೆ ಮೋಸ ಮಾಡೋನು ಅವಳಿಂದ ಶುರು ಮಾಡಲ್ಲ ಕಣಮ್ಮಾ, ಬೇರೆ ಎಲ್ಲೋ ಅಭ್ಯಾಸ ಮಾಡ್ಕೊಂಡು ಬಂದಿರ್ತಾನೆ."

ಇನ್ನೊಂದು ದಿನ ಗುಮಾಸ್ತನ ಮಾತೊಂದನ್ನು ಓದಿ ಹೇಳಿದರು. ಧಣಿ ಇವತ್ತು ಊಟ ಬೇಡ ಅಂದರು, ಒಂದು ಲೋಟ ಮಜ್ಜಿಗೆ ಕುಡಿದರು, ಅಷ್ಟೇ ಎಂದು ಅವನು ಆಕೆಗೆ ಹೇಳುತ್ತಾನೆ. "ಆ ಮಜ್ಜಿಗೆ ಇದೆಯಲ್ಲ, ಇಡೀ ಮಾತನ್ನ ನಂಬಿಸೋದು ಅದೇ. ಸುಳ್ಳಿಗೆ ಒಂದು ಒಗ್ಗರಣೆ ಬೇಕು. ಒಗ್ಗರಣೆ ವಾಸನೆ ಬಂತು ಅಂದ್ರೆ ಒಳಗೆ ಬೇಳೆ ಬೆಂದಿದೆಯೋ ಇಲ್ವೋ ಯಾರೂ ನೋಡಲ್ಲ" ಎಂದು ನಕ್ಕರು. ನಾನೂ ನಕ್ಕೆ. ಅಂಥ ಮಾತು ಕೇಳಲು ನಾನು ಬೆಳಗಿನಿಂದ ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ, ಓದುವುದು ಎಂದರೇನು ಎಂದು ನನಗೆ ಕಲಿಸಿದವರು ಅವರೇ. ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ.

ಆದರೆ ಆ ಗುಮಾಸ್ತ ಬರುವ ಪುಟಗಳಿಗೆ ಒಂದು ಚೀಟಿಯೂ ಇರಲಿಲ್ಲ. ಯಾಕೆ ಸಾರ್ ಎಂದು ಕೇಳಿದೆ.

"ಅವನ ಸುಳ್ಳು ಅವನ ಸ್ವಂತದ್ದಲ್ಲವಲ್ಲ. ಯಾರೋ ಕೊಟ್ಟಿದ್ದನ್ನ ತಂದು ಮುಟ್ಟಿಸ್ತಾನೆ. ಸಂಸಾರ ಒಡೀಬಾರ್ದು ಅನ್ನೋದೊಂದೇ ಅವನ ಮನಸ್ಸಲ್ಲಿ. ಒಳ್ಳೆಯವನು ಕಣಮ್ಮಾ ಅವನು" ಎಂದರು.

ಮೇಷ್ಟ್ರು ಪಾಸು ಮಾಡಿದ ಮೇಲೆ ಮುಗಿಯಿತು. ನಾನೂ ಗುಮಾಸ್ತನನ್ನು ಒಳ್ಳೆಯವನೆಂದೇ ಇಟ್ಟುಕೊಂಡೆ.

ಈಗ ನನ್ನ ಗಂಡನಾಗಿದ್ದವನ ವಿಷಯ. ಅವನೂ ಅದೇ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ನಮ್ಮ ಮನೆ ಚಿಕ್ಕಬಾಣಾವರದಲ್ಲಿ. ಕಂಠ ಚೆನ್ನಾಗಿತ್ತು, ನಿಲುವು ಚೆನ್ನಾಗಿತ್ತು, ಹಾಗಾಗಿ ಪ್ರತಿ ನವೆಂಬರಿನಲ್ಲಿ ಕನ್ನಡ ಸಂಘ ಆಡುವ ನಾಟಕಕ್ಕೆ ಅವನೇ ನಾಯಕ. ಮೇಷ್ಟ್ರು ನಿರ್ದೇಶಕರು. ಕ್ಯಾಂಟೀನಿನ ಹಿಂದಿನ ಸಂಘದ ಕೋಣೆಯಲ್ಲಿ ಕೆಲಸ ಮುಗಿದ ಮೇಲೆ ರಿಹರ್ಸಲ್ ನಡೆಯುತ್ತಿತ್ತು. ಮೊದಲೆಲ್ಲ ಅದು ಎರಡು ತಿಂಗಳು ಇರುತ್ತಿತ್ತು. ಆಮೇಲಾಮೇಲೆ ನಾಲ್ಕು ತಿಂಗಳಾಯಿತು. ನಾಟಕ ಮುಗಿದ ಮೇಲೂ ಸಂಘದ ಪುಸ್ತಕ ಜೋಡಿಸುವ ಕೆಲಸ, ಮುಂದಿನ ವರ್ಷದ ನಾಟಕ ಆರಿಸುವ ಕೆಲಸ ಎಂದು ವಾರಕ್ಕೆ ಮೂರು ಸಂಜೆ ಅವನು ತಡವಾಗಿ ಬರುತ್ತಿದ್ದ. ನಾನು ಒಬ್ಬಳೇ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದೆ.

ಮಾರನೆಯ ದಿನ ಊಟದ ಹೊತ್ತಿಗೆ ಸುಮ್ಮನೆ ಮಾತಿಗೆ ಕೇಳುತ್ತಿದ್ದೆ, ನಿನ್ನೆ ತುಂಬಾ ಹೊತ್ತಾಯಿತೇನೋ ಸಾರ್ ಎಂದು. ಅನುಮಾನವಿಟ್ಟುಕೊಂಡು ಕೇಳಿದ್ದಲ್ಲ. ಮೇಷ್ಟ್ರು ತಲೆ ಎತ್ತಿ, ಕನ್ನಡಕದೊಳಗಿಂದ ನೇರವಾಗಿ ನನ್ನನ್ನು ನೋಡಿ ಹೇಳುತ್ತಿದ್ದರು. "ಏಳೂವರೆ ಆಯ್ತಮ್ಮಾ. ಎರಡನೇ ಅಂಕದಲ್ಲಿ ನಿನ್ನ ಗಂಡ ಮಾತು ಮರೆತುಬಿಟ್ಟ. ನಾನು ಬೈದೆ, ಬೇಜಾರ್ ಮಾಡ್ಕೊಂಡ. ಮನೇಲಿ ಏನಾದ್ರೂ ಅಂದ್ನಾ?"

ಮಾತು ಮರೆತಿದ್ದಕ್ಕೆ ಆ ರಾತ್ರಿ ನಾನು ಮನೆಯಲ್ಲಿ ಗಂಡನನ್ನು ಸಮಾಧಾನ ಮಾಡಿದ್ದೆ. ಅವನು ಸಮಾಧಾನ ಮಾಡಿಸಿಕೊಂಡಿದ್ದ. ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅವನು ಹೀಗೆ ತಡವಾಗಿ ಬರಲು ಶುರು ಮಾಡಿದ ಎರಡನೆಯ ವರ್ಷ, ಆಯುಧಪೂಜೆಯ ಹಿಂದಿನ ದಿನ. ಶೆಡ್ಡಿಗೆಲ್ಲ ಬಣ್ಣ ಬಳಿದು, ಮೆಷಿನ್ನುಗಳಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದರು. ಮಧ್ಯಾಹ್ನ ಮೇಷ್ಟ್ರು, ನಿನ್ನೆಯ ರಿಹರ್ಸಲ್ ಬಹಳ ಚೆನ್ನಾಗಿ ಬಂತು, ನಿನ್ನ ಗಂಡ ಕೊನೆಯ ದೃಶ್ಯದಲ್ಲಿ ಎಲ್ಲರನ್ನೂ ಅಳಿಸಿಬಿಟ್ಟ ಎಂದಿದ್ದರು. ಹೂವಿನ ಬುಟ್ಟಿ ಇಡಲು ಜಾಗ ಸಿಗದೆ ನಾನು ಸಂಘದ ಕೋಣೆಯ ಕಡೆ ಹೋದೆ. ಬಾಗಿಲಿಗೆ ಅಡ್ಡವಾಗಿ ಬಣ್ಣದ ಡಬ್ಬಗಳು, ಹಳೆಯ ಮೋಟಾರು, ಮರದ ಪೆಟ್ಟಿಗೆಗಳು ಸೂರಿನವರೆಗೆ ಪೇರಿಸಿದ್ದವು. ಒಳಗೆ ಕಾಲಿಡಲು ಜಾಗವಿಲ್ಲ. ಪಕ್ಕದಲ್ಲಿ ರಾಯಚೂರು ಕಡೆಯ ಸೆಕ್ಯುರಿಟಿ ಅಣ್ಣ ಕುರ್ಚಿ ಹಾಕಿಕೊಂಡು ಕೂತಿದ್ದ. ಇದನ್ನೆಲ್ಲ ಯಾವಾಗ ತಂದಿಟ್ಟರು, ನಿನ್ನೆ ಇಲ್ಲಿ ರಿಹರ್ಸಲ್ ಇತ್ತಲ್ಲ ಎಂದೆ.

"ಎಲ್ಲಿ ರಿಹರ್ಸಲ್ ರೀ ಅಕ್ಕಾರ? ಹದಿನೈದ್ ದಿನಾ ಆತ್ರಿ ಸಾಮಾನು ತುಂಬಿ. ಈ ಸಲ ನಾಟಕಾನೇ ಇಲ್ಲಂತಲ್ರಿ, ಬರೇ ಹಾಡು ಅಂತ."

ನಾಟಕವೇ ಇಲ್ಲ. ಸಂಘ ಅದನ್ನು ಕೈಬಿಟ್ಟಿತ್ತು. ಆದರೂ ಹಿಂದಿನ ಸಂಜೆ ಕೊನೆಯ ದೃಶ್ಯದಲ್ಲಿ ನನ್ನ ಗಂಡ ಅಳಿಸಿದ್ದ! ಕೈಯಲ್ಲಿ ಸೇವಂತಿಗೆಯ ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತೆ. ಗಂಡ ಎಲ್ಲಿಗೆ ಹೋಗುತ್ತಿರಬಹುದು ಎನ್ನುವುದು ನನಗೆ ಮೊದಲು ಹೊಳೆಯಲೇ ಇಲ್ಲ. ಮೇಷ್ಟ್ರು ಯಾಕೆ ಹಾಗೆ ಹೇಳಿದರು ಎಂಬುದೇ ತಲೆ ತುಂಬಾ ಇತ್ತು.

ಮನೆಗೆ ಹೋಗಿ ಗಂಡನಿಗೆ ಒಂದೇ ಪ್ರಶ್ನೆ ಕೇಳಿದೆ. ಅವನು ಹೆಚ್ಚು ಸತಾಯಿಸಲಿಲ್ಲ. ಲಗ್ಗೆರೆಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿ ಎರಡು ವರ್ಷವಾಯಿತು ಎಂದ. ಆಕೆಯ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಆಕೆ ನನಗೆ ಯಾವ ಮಾತನ್ನೂ ಕೊಟ್ಟವಳಲ್ಲ, ತಪ್ಪಿದವಳೂ ಅಲ್ಲ. ಎರಡನೆಯ ಪ್ರಶ್ನೆ ಮೇಷ್ಟ್ರ ಬಗ್ಗೆ ಕೇಳಿದೆ.

"ಅವ್ರಿಗೆ ಮೊದ್ಲಿಂದ ಗೊತ್ತು. ಒಂದ್ಸಲ ಬಸ್ಸಲ್ಲಿ ನಮ್ಮಿಬ್ರನ್ನೂ ನೋಡ್ಬಿಟ್ರು. ನಾನು ಹೆದ್ರಿದ್ದೆ. ಅವ್ರೇ ಕರೆದು, ರಿಹರ್ಸಲ್ ಅಂತ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ್ರು" ಎಂದ.

ಗಂಡನನ್ನು ಬಿಟ್ಟೆ. ಅವನು ಕೆಲಸ ಬಿಟ್ಟು ಬೊಮ್ಮಸಂದ್ರದ ಕಡೆ ಸೇರಿಕೊಂಡ. ಕೋರ್ಟಿನ ಕೆಲಸವೂ ಮುಗಿಯಿತು. ಅವನ ಮೇಲಿನ ಸಿಟ್ಟು ಹೆಚ್ಚು ದಿನ ಬಾಳಲಿಲ್ಲ, ಯಾಕೆಂದು ನನಗೇ ಆಶ್ಚರ್ಯ. ಅವನು ಸುಳ್ಳು ಹೇಳುವಾಗ ಕಣ್ಣು ತಪ್ಪಿಸುತ್ತಿದ್ದ. ಚಪ್ಪಲಿ ಬಿಚ್ಚುವ ನೆಪದಲ್ಲಿ ನೆಲ ನೋಡುತ್ತಿದ್ದ. ಅಷ್ಟಾದರೂ ನಾಚಿಕೆ ಅವನಲ್ಲಿತ್ತು. ಮೇಷ್ಟ್ರು ಕಣ್ಣಲ್ಲಿ ಕಣ್ಣಿಟ್ಟು, ಕೈಯಲ್ಲಿ ಆ ಪುಸ್ತಕವನ್ನೇ ಹಿಡಿದು, ಸುಳ್ಳನ್ನು ಗುರುತಿಸುವುದು ಹೇಗೆ ಎಂದು ನನಗೆ ಪಾಠ ಹೇಳುತ್ತಾ ಸುಳ್ಳು ಹೇಳಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ನಾನು ಅವರನ್ನು ಏನೂ ಕೇಳಲಿಲ್ಲ. ಡಬ್ಬಿ ತೆಗೆದುಕೊಂಡು ಇನ್ನೊಂದು ಟೇಬಲ್ಲಿಗೆ ಹೋಗಿ ಕೂತೆ. ಅವರೂ ಯಾಕಮ್ಮಾ ಎಂದು ಕೇಳಲಿಲ್ಲ. ವರ್ಷಗಟ್ಟಲೆ ದಿನಾ ಜೊತೆಯಲ್ಲಿ ಉಂಡವಳು ಎದ್ದು ಹೋದರೆ ಯಾಕೆ ಎಂದು ಕೇಳದೆ ಇರುವವರು ಯಾರು? ಉತ್ತರ ಗೊತ್ತಿದ್ದವರು. ಅವರು ಒಬ್ಬರೇ ಕೂತು ಪುಸ್ತಕ ತೆರೆಯುತ್ತಿದ್ದರು, ಒಂದು ಪುಟ ತಿರುಗಿಸುತ್ತಿದ್ದರು, ಮುಚ್ಚುತ್ತಿದ್ದರು. ಬೇರೆ ಯಾರನ್ನಾದರೂ ಕೂರಿಸಿಕೊಂಡು ಓದಲು ಒಂದೆರಡು ಸಲ ನೋಡಿದರು. ಎಲ್ಲರಿಗೂ ಮೊಬೈಲ್ ಇತ್ತು. ನಾನು ಈಚೆ ಟೇಬಲ್ಲಿನಿಂದ ಅದನ್ನು ನೋಡುತ್ತಾ ಊಟ ಮಾಡುತ್ತಿದ್ದೆ, ಅನ್ನ ಚೆನ್ನಾಗಿ ಸೇರುತ್ತಿತ್ತು.

ಆಮೇಲೆ ಅವರು ಹಸಿರು ಚೀಟಿ ಕಟ್ಟಿದ ಲಾಟುಗಳನ್ನು ಅಳೆಯಲು ಶುರು ಮಾಡಿದೆ. ನಿಯಮವೇ ಹಾಗಿದೆ, ಯಾರೂ ಏನೂ ಅನ್ನುವಂತಿಲ್ಲ. ತಿಂಗಳುಗಟ್ಟಲೆ ಏನೂ ಸಿಗಲಿಲ್ಲ. ಅವರ ಕೆಲಸ ಅಷ್ಟು ಚೊಕ್ಕ. ಆದರೂ ಬಿಡಲಿಲ್ಲ. ಒಂದು ದಿನ ಒಂದು ಲಾಟಿನ ಶಾಫ್ಟುಗಳು ಅಳತೆಗಿಂತ ಸಣ್ಣಗಿರುವುದು ಸಿಕ್ಕಿತು. ಅಳೆಯಲು ಅವರು ಬಳಸಿದ ಗೇಜು ಸವೆದಿತ್ತು. ಗೇಜುಗಳನ್ನು ಆಗಾಗ ಪರೀಕ್ಷೆಗೆ ಕಳಿಸಬೇಕು. ಸವೆದ ಗೇಜು ಕೆಟ್ಟದ್ದನ್ನೂ ಒಳ್ಳೆಯದು ಎನ್ನುತ್ತದೆ. ಅವರ ಹಸಿರು ಚೀಟಿಯನ್ನು ಬಿಚ್ಚಿ, ಕೆಂಪು ಕಟ್ಟಿ, ಅವರ ಸಹಿಯ ಮೇಲೆ ನನ್ನ ಸಹಿ ಹಾಕಿದೆ. ಮ್ಯಾನೇಜರ್ ಅವರನ್ನು ಒಳಗೆ ಕರೆಸಿದರು. ಗಾಜಿನ ಆಚೆ ಅವರು ಕನ್ನಡಕ ತೆಗೆದು ಒರೆಸುತ್ತಾ ನಿಂತಿದ್ದು ಕಂಡಿತು. ಹಾಲು ಕುಡಿದಷ್ಟು ಸಂತೋಷವಾಯಿತು. ಇದನ್ನು ಓದಿ ಯಾರಾದರೂ ನನ್ನನ್ನು ಕೆಟ್ಟವಳೆಂದರೆ ಅನ್ನಲಿ.

ನಾಲ್ಕು ವರ್ಷ ಹೀಗೆ ನಡೆದು ಅವರ ನಿವೃತ್ತಿಯ ದಿನ ಬಂತು. ಕ್ಯಾಂಟೀನಿನಲ್ಲಿ ಶಾಮಿಯಾನದ ಬಟ್ಟೆ ಕಟ್ಟಿ ವೇದಿಕೆ ಮಾಡಿದ್ದರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಹಾರ. ಅವರ ಹೆಂಡತಿಯನ್ನೂ ಪಕ್ಕದಲ್ಲಿ ಕೂರಿಸಿದ್ದರು. ಬಾಗಲಗುಂಟೆಯ ಹಳೆಯ ಒಕ್ಕಲು ಮನೆಯ ಹೆಣ್ಣುಮಗಳು ಆಕೆ. ನನ್ನನ್ನು ಕಂಡರೆ ಯಾವಾಗಲೂ ಮಲ್ಲಿಗೆಯ ತುಂಡೊಂದನ್ನು ಕಿತ್ತು ಕೊಡುವವರು. ಶಿಷ್ಯೆಯೆಂದು ನನಗೆ ಎರಡು ನಿಮಿಷ ಮಾತಾಡಲು ಹೇಳಿದರು. ಮೈಕು ಹಿಡಿದು, ಅವರ ಕಡೆ ತಿರುಗಿದೆ.

"ಸಾರ್, ನೀವು ನನಗೆ ಒಂದು ಕಾದಂಬರಿ ಓದಿಸಿದ್ರಿ. ಅದರಲ್ಲಿ ಎಲ್ಲರ ಸುಳ್ಳಿಗೂ ಚೀಟಿ ಅಂಟಿಸಿದ್ರಿ. ಆ ಹೆಂಗಸಿನ ಮನೇಲಿ ಉಂಡು, ಅವಳಿಗೇ ಸುಳ್ಳು ಹೇಳ್ತಿದ್ದ ಗುಮಾಸ್ತನ ಪುಟಗಳಿಗೆ ಮಾತ್ರ ಯಾಕೆ ಒಂದೂ ಇಲ್ಲ? ಇವತ್ತು ಎಲ್ಲರೂ ಇದ್ದಾರೆ, ಹೇಳಿ ಸಾರ್."

ಸಾಹಿತ್ಯದ ಪ್ರಶ್ನೆ ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಮೂರು ನಾಲ್ಕು ಹಳಬರು ತಟ್ಟಲಿಲ್ಲ. ನಾಗರಾಜ್ ಮೈಕನ್ನು ಅವರ ಬಾಯಿಗೆ ಹಿಡಿದರು. ಮೇಷ್ಟ್ರು ಪೇಟ ಸರಿ ಮಾಡಿಕೊಂಡರು, ಹಾರ ಸರಿ ಮಾಡಿಕೊಂಡರು. ಹೆಬ್ಬೆರಳು ಓಡುತ್ತಿತ್ತು. ಎಂಥ ಮಾತಿಗೂ ಮಾತು ಇಟ್ಟುಕೊಂಡಿದ್ದ ಮನುಷ್ಯ, "ಅದನ್ನ... ಅದನ್ನ ಮತ್ತೆ ನೋಡ್ಬೇಕಮ್ಮಾ" ಎಂದು ನಿಲ್ಲಿಸಿದರು. ಮ್ಯಾನೇಜರ್ ನಗುತ್ತಾ, ಬಿಸಿಬೇಳೆಬಾತ್ ಆರಿಹೋಗುತ್ತೆ ಎಂದರು. ಎಲ್ಲರೂ ಎದ್ದರು.

ಮುಂದಿನ ಭಾನುವಾರ ಬೆಳಗ್ಗೆ ಅವರು ನನ್ನ ಮನೆಗೆ ಬಂದರು. ಚಿಕ್ಕಬಾಣಾವರದ ರೈಲ್ವೆ ಗೇಟಿನಲ್ಲಿ ಕಾದು, ವಿಳಾಸ ಕೇಳಿಕೊಂಡು ನಡೆದು ಬಂದಿದ್ದರು. ಕಂಕುಳಲ್ಲಿ ಆ ಪುಸ್ತಕ. ಕುರ್ಚಿ ಕೊಟ್ಟೆ, ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟರು.

"ನಿನ್ನ ಸಂಸಾರ ಒಡೀಬಾರ್ದು ಅಂತ ಹಾಗೆ ಮಾಡ್ದೆ ಕಣಮ್ಮಾ" ಎಂದರು.

"ಇದು ಹಳದಿ ಚೀಟಿ ಸಾರ್. ಇನ್ನೊಂದ್ಸಲ ಅಳೀರಿ" ಎಂದೆ.

ಅವರ ಮುಖ ಸಣ್ಣದಾಯಿತು. ಕೊನೆಗೆ ಬಾಯಿ ಬಿಟ್ಟರು. "ನಿಂಗೆ ಗೊತ್ತಾದ್ರೆ ಕೆಲಸ ಬಿಟ್ಟು ತೌರಿಗೆ ಹೋಗ್ಬಿಡ್ತೀಯಾ ಅಂದ್ಕೊಂಡೆ. ಮೂವತ್ತು ವರ್ಷದಿಂದ ಈ ಪುಸ್ತಕ ಓದ್ತಿದ್ದೀನಿ. ಕೂತು ಕೇಳಿದೋಳು ನೀನೊಬ್ಳೇ. ಆ ಇಪ್ಪತ್ತು ನಿಮಿಷ ಕಳ್ಕೊಳ್ಳೋಕೆ ನಂಗೆ ಮನಸ್ಸು ಬರ್ಲಿಲ್ಲ."

ಇದು ನಿಜ. ಕೇಳಿದ ತಕ್ಷಣ ಗೊತ್ತಾಯಿತು. ಅವರ ಇಪ್ಪತ್ತು ನಿಮಿಷಕ್ಕೆ ನನ್ನ ಎರಡು ವರ್ಷ. ಯಾವ ದೊಡ್ಡ ಕಾರಣವಾದರೂ ಇದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆನೋ ಏನೋ. ತನ್ನ ಓದು ಕೇಳಲು ಒಂದು ಜೊತೆ ಕಿವಿ ಬೇಕು ಎಂದು ಒಂದು ಹೆಣ್ಣನ್ನು ಕತ್ತಲಲ್ಲಿ ಇಟ್ಟವರನ್ನು ಏನೆಂದು ಕರೆಯಬೇಕು?

"ಕ್ಷಮಿಸಿದ್ದೀನಿ ಅಂತ ಒಂದು ಮಾತು ಹೇಳಮ್ಮಾ, ಹೋಗ್ತೀನಿ" ಎಂದರು.

ನಾನು ಎದ್ದು ಬಾಗಿಲಿನ ಚಿಲಕ ತೆಗೆದೆ. "ಬಿಸಿಲು ಏರ್ತಾ ಇದೆ ಸಾರ್. ಬಸ್ಸು ಈಗ ಇದೆ" ಎಂದೆ. ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೊರಟಿದ್ದರು. ಕರೆದು ಕೈಗೆ ಕೊಟ್ಟೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಂಡರು, ನಾನು ಕೈ ಕೊಡಲಿಲ್ಲ. ಮೂರು ತಿಂಗಳಿಗೆ ಮೇಷ್ಟ್ರು ಹೋದರು, ಹೃದಯಾಘಾತವೆಂದು ನಾಗರಾಜ್ ಮೆಸೇಜು ಹಾಕಿದರು. ಆ ದಿನ ಕೈ ಕೊಡಬೇಕಿತ್ತು ಎಂದು ನನಗೆ ಅನ್ನಿಸಿಲ್ಲ. ಅನ್ನಿಸಿದೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಗೊತ್ತಿದೆ.

ಹೋದ ಶನಿವಾರ ಅವರ ಹೆಂಡತಿ ಫೋನು ಮಾಡಿ ಕರೆದರು. ಮಧ್ಯಾಹ್ನ ಬಾಗಲಗುಂಟೆಗೆ ಹೋದೆ. ಅಡುಗೆಮನೆಯಲ್ಲೇ ಮಣೆ ಹಾಕಿ ಕೂರಿಸಿಕೊಂಡರು. ಹುರುಳಿಕಾಯಿಯ ನಾರು ತೆಗೆಯುತ್ತಾ ಮಾತು ತೆಗೆದರು.

"ನಾಗರಾಜು ಯೋಳ್ದ, ನೀನು ಬರೀತಾ ಇದ್ದೀಯಂತೆ. ಅವ್ರು ನಂಗೆ ಎಲ್ಲಾ ಯೋಳವ್ರೆ ಕಣವ್ವ. ನಿಮ್ಮನೆಯಿಂದ ಬಂದ ದಿನ ಉಣ್ಣಲಿಲ್ಲ. ಅವ್ರು ಮಾಡಿದ್ದು ತಪ್ಪೇಯ, ನಾನು ಇಲ್ಲ ಅನ್ನಕಿಲ್ಲ. ನೀನು ಅದನ್ನೆಲ್ಲಾ ಬರಿ, ಬ್ಯಾಡ ಅನ್ನಕಿಲ್ಲ. ಆದ್ರೆ ಕೊನೇಗೆ ಕ್ಷಮಿಸಿದ್ದೀನಿ ಅಂತ ಒಂದ್ ಸಾಲು ಬರ್ದ್ಬುಡು. ಮಗಳು ಓದ್ತಾಳೆ, ಅಳಿಯ ಓದ್ತಾನೆ. ನಾನೂ ಒಂದೊಂದೇ ಅಕ್ಷರ ಕೂಡಿಸ್ಕಂಡು ಓದ್ತೀನಿ. ಅದೊಂದ್ ಸಾಲಿದ್ರೆ ಸಾಕು ನಂಗೆ."

ಇಲ್ಲ ಅಮ್ಮಾ, ಕ್ಷಮಿಸಿಲ್ಲವಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ತಟ್ಟೆ ಹಾಕಿ ಅನ್ನ, ಬಸ್ಸಾರು ಬಡಿಸಿದರು. "ಮೊದ್ಲು ಉಣ್ಣು" ಎಂದರು. ತುಪ್ಪ ಹಾಕಿದರು. ಎದುರಿಗೇ ಕೂತು ನನ್ನ ಮುಖ ನೋಡುತ್ತಿದ್ದರು. ಎರಡು ತುತ್ತು ಉಂಡೆ. ಆ ತಟ್ಟೆಯ ಮುಂದಿನಿಂದ ಬೇಗ ಎದ್ದು ಹೋದರೆ ಸಾಕು ಅನ್ನಿಸಿತು.

"ಬರೀತೀನಿ ಅಮ್ಮಾ. ಆಗ್ಲೇ ಬರೆದಿದ್ದೀನಿ, ಕೊನೇ ಸಾಲೇ ಅದು" ಎಂದೆ.

ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಇನ್ನೊಂದು ಸೌಟು ಸಾರು ಹಾಕಿದರು. ಎಲ್ಲವನ್ನೂ ಉಂಡೆ. ಹೊರಡುವಾಗ ಕುಂಕುಮ ಕೊಟ್ಟು, ತಲೆಯ ಮೇಲೆ ಕೈಯಿಟ್ಟರು.

ಮೂರು ದಿನದಿಂದ ಆ ಸಾಲು ಬರೆಯಲು ಕೂತಿದ್ದೇನೆ. ಬರುತ್ತಿಲ್ಲ. ಅಮ್ಮಾ, ಒಂದೊಂದೇ ಅಕ್ಷರ ಕೂಡಿಸಿಕೊಂಡು ನೀವು ಇಲ್ಲಿಯವರೆಗೆ ಬಂದಿದ್ದರೆ, ಇನ್ನು ಹುಡುಕಬೇಡಿ, ಅದು ಇಲ್ಲ. ನಿಮ್ಮ ಅಡುಗೆಮನೆಯಲ್ಲಿ ಕೂತು, ನೀವು ಬಡಿಸಿದ್ದನ್ನು ಉಂಡು, ನಿಮ್ಮ ಮುಖ ನೋಡಿಕೊಂಡೇ ನಾನು ನಿಮಗೆ ಸುಳ್ಳು ಹೇಳಿದೆ.